ಬೈರಮ್ಮನ ಬಾಯಿ, ಕ್ರ್ಯಾಂಕಿನ ನೀಲಿ

ಸೂಳಗಿರಿಯಲ್ಲಿ ಬೈರಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಕೃಷ್ಣಗಿರಿ ರಸ್ತೆಯ ಪಕ್ಕ, ಹುಣಸೆಮರದ ಕೆಳಗೆ ಅವಳ ಗಂಡ ಆವುಲಪ್ಪನ ಕುಲುಮೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಹಾಕುವುದರಲ್ಲಿ ಅವನನ್ನು ಮೀರಿಸುವವರು ಹೊಸೂರಿನಿಂದ ಕೃಷ್ಣಗಿರಿಯವರೆಗೆ ಇಲ್ಲ ಎಂದು ಗಾಡಿಯವರೇ ಹೇಳುತ್ತಿದ್ದರು. ಹಾಗೆ ಹೊಗಳಿದವರೇ ದನಿ ತಗ್ಗಿಸಿ, "ಆ ಹೆಂಗ್ಸಿನ ಜೊತೆ ಹೆಂಗ್ ಬಾಳ್ವೆ ಮಾಡ್ತಾನಪ್ಪ ಪುಣ್ಯಾತ್ಮ" ಎಂದೂ ಸೇರಿಸುತ್ತಿದ್ದರು.

ಹಳಿ ಹಾಕುವ ಕೆಲಸ ನೋಡಿದವರಿಗೆ ಗೊತ್ತು, ಅದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುವ ಆಟ. ಹಳಿಯನ್ನು ಚಕ್ರಕ್ಕಿಂತ ಒಂದಿಷ್ಟು ಚಿಕ್ಕದಾಗಿಯೇ ಮಾಡುತ್ತಾರೆ. ನೆಲದ ಮೇಲಿಟ್ಟು, ಸುತ್ತ ಬೆರಣಿ ಪೇರಿಸಿ, ಬೆಂಕಿ ಕೊಟ್ಟರೆ ಕಬ್ಬಿಣ ಕಾದು ಹಿಗ್ಗುತ್ತದೆ. ಆಗ ಇಕ್ಕಳದಲ್ಲಿ ಎತ್ತಿ ಮರದ ಚಕ್ರದ ಮೇಲೆ ಬೀಳಿಸಬೇಕು. ಬಿದ್ದ ತಕ್ಷಣ ನೀರು ಸುರಿದರೆ ಹಳಿ ಕುಗ್ಗಿ, ಚಕ್ರವನ್ನು ಜನ್ಮಕ್ಕೆ ಬಿಡದ ಹಾಗೆ ಅಪ್ಪಿಕೊಳ್ಳುತ್ತದೆ. ಶಾಖ ಕಡಿಮೆಯಾದರೆ ಹಳಿ ಕೂರುವುದಿಲ್ಲ, ಹೆಚ್ಚಾದರೆ ಮರ ಸುಟ್ಟು ಚಕ್ರ ಹಾಳಾಗುತ್ತದೆ. ನೀರು ಸುರಿಯುವುದು ಬೈರಮ್ಮನ ಪಾಲಿನ ಕೆಲಸ. ಆದರೆ ಅವಳು ಬಿಂದಿಗೆ ಹಿಡಿದು ಸುಮ್ಮನೆ ನಿಲ್ಲುವ ಪೈಕಿಯಲ್ಲ.

"ಯೋವ್, ಏನು ಗರ ಬಡ್ದೋನಂಗೆ ನಿಂತ್ಕಂಡೆ? ಎತ್ತು ಮತ್ತೆ. ನಿಮ್ಮಪ್ಪ ಎದ್ ಬಂದು ಎತ್ತಾನಾ?"

ಕನ್ನಡದಲ್ಲಿ ಶುರುವಾದದ್ದು ತೆಲುಗಿನಲ್ಲಿ ಏರಿ, ರಸ್ತೆಯಲ್ಲಿ ಹೋಗುವ ಲಾರಿಯವರಿಗೂ ಅರ್ಥವಾಗಲಿ ಎಂಬಂತೆ ತಮಿಳಿನಲ್ಲಿ ಮುಗಿಯುತ್ತಿತ್ತು. ಗಾಡಿಯವರು ಬಾಯಿಗೆ ಟವಲು ಅಡ್ಡ ಹಿಡಿದು ನಗುತ್ತಿದ್ದರು. ಆವುಲಪ್ಪ ಮಾತ್ರ ತುಟಿ ಎರಡು ಮಾಡದೆ ಹಳಿ ಎತ್ತುತ್ತಿದ್ದ, ಅದು ಚಕ್ರಕ್ಕೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಹಳಿ ಕೂತ ಮೇಲೆ ಅವಳ ಬಾಯಿಯೂ ಮುಚ್ಚುತ್ತಿತ್ತು.

ಊರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ಬಾಗಲೂರು ಕಡೆಯಿಂದ ಮದುವೆಯಾಗಿ ಬಂದಾಗ ಬೈರಮ್ಮನ ದನಿ ಪಕ್ಕದ ಮನೆಗೂ ಕೇಳುತ್ತಿರಲಿಲ್ಲ. ಅತ್ತೆಯೇ ಗದರಿಸಿ, "ವಸಿ ಗಟ್ಟಿಯಾಗಿ ಮಾತಾಡಮ್ಮ" ಎನ್ನಬೇಕಾಗುತ್ತಿತ್ತು. ಎರಡನೆಯ ಮಹಾಯುದ್ಧ ಶುರುವಾದ ಕಾಲಕ್ಕೆ, ಒಂದು ಬೆಳಿಗ್ಗೆ, ಆವುಲಪ್ಪ ಒಳ್ಳೆಯದೊಂದು ಕುಡುಗೋಲನ್ನು ಬೆಂಕಿಯಲ್ಲಿ ಹೆಚ್ಚು ಹೊತ್ತು ಬಿಟ್ಟು ಸುಟ್ಟುಬಿಟ್ಟ. ಎಳೆ ಮಕ್ಕಳೂ ಮಾಡದ ತಪ್ಪು ಅದು. ಕುಡುಗೋಲನ್ನು ಮೂಲೆಗೆಸೆದು ಮಧ್ಯಾಹ್ನದವರೆಗೆ ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಕೂತವನು, ಅವಳು ಮುದ್ದೆ ತಂದಿಟ್ಟಾಗ ಬಾಯಿ ಬಿಟ್ಟ.

"ಬಣ್ಣ ಕಾಣ್ತಿಲ್ಲ ಕಣೆ. ಆಳು ಕಾಣ್ತದೆ, ಅಡಿಗಲ್ಲು ಕಾಣ್ತದೆ. ಕಾದ ಕಬ್ಬಿಣ ನೋಡುದ್ರೆ ಕೆಂಪೋ ಕಪ್ಪೋ ಒಂದೂ ತಿಳೀತಿಲ್ಲ. ಎಲ್ಲ ಬೂದಿ ಇದ್ದಂಗೈತೆ."

ಹುಟ್ಟಿದಾಗಿನಿಂದ ಬೆಂಕಿ ನೋಡಿ ನೋಡಿ ಕಣ್ಣು ಸೋತಿದ್ದವು. ಬಣ್ಣ ಕಾಣದ ಕಮ್ಮಾರನ ಹತ್ತಿರ ಯಾವ ಗಾಡಿಯವನು ಚಕ್ರ ಬಿಟ್ಟಾನು? ಆ ಕೈಯಲ್ಲಿ ಇನ್ನೂ ಎಷ್ಟೋ ವರ್ಷದ ಕೆಲಸವಿದೆ ಎಂದು ಬೈರಮ್ಮನಿಗೆ ಗೊತ್ತಿತ್ತು. ಆ ಕೈ ಸುಮ್ಮನಾದರೆ ಈ ಮನುಷ್ಯ ಬದುಕುವುದಿಲ್ಲ ಎಂಬುದೂ ಗೊತ್ತಿತ್ತು. ಮಾರನೆಯ ದಿನ ಹಳಿ ಕಾದು ಹದಕ್ಕೆ ಬಂದಾಗ, ಗಾಡಿಯವನು ಎದುರಿಗೇ ನಿಂತಿದ್ದ. "ಕೆಂಪಾಯ್ತು, ಎತ್ತು" ಎಂದರೆ ಗುಟ್ಟು ರಟ್ಟು. ಸುಮ್ಮನಿದ್ದರೆ ಚಕ್ರ ಹಾಳು. ಏನು ಮಾಡಬೇಕೆಂದು ತೋಚದೆ ಅವಳ ಬಾಯಿಂದ ಬೈಗುಳ ಹೊರಬಿತ್ತು. "ಯೋವ್, ನಿದ್ದೆ ಮಾಡ್ತಿದೀಯಾ?" ಆವುಲಪ್ಪನಿಗೆ ತಟ್ಟನೆ ಅರ್ಥವಾಯಿತು, ಎತ್ತಿದ. ಅಂದಿನಿಂದ ಅದೇ ರೂಢಿಯಾಯಿತು. ಅವಳು ಸುಮ್ಮನಿದ್ದರೆ ಕಾಯಬೇಕು, ಬೈದರೆ ಎತ್ತಬೇಕು.

ಗಂಡನ ಹೆಸರು ಉಳಿಯಿತು, ಅವಳದು ಹೋಯಿತು. ಊರಿನ ಹೆಂಗಸರು ಹಸೆಯ ಮುಂದೆ ಆರತಿ ಎತ್ತಲು ಅವಳನ್ನು ಕರೆಯುವುದು ಬಿಟ್ಟರು. ಗಂಡನನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವವಳು ಮದುಮಗಳಿಗೆ ಏನು ಹರಸಿಯಾಳು ಎಂದು ಅವರ ಮಾತು. ಇದು ಕಿವಿಗೆ ಬಿದ್ದ ದಿನ ಬೈರಮ್ಮ ಹಿತ್ತಲಿಗೆ ಹೋಗಿ ಅತ್ತಳು. ಆಮೇಲೆ ಮುಖ ತೊಳೆದು ಬಂದು ಬೆರಣಿ ಪೇರಿಸಿದಳು. ಎಂಥ ಹೆಂಗಸು ಅಂತೀರಿ! ಅವಳ ಜಾಗದಲ್ಲಿ ಬೇರೆಯವರಾಗಿದ್ದರೆ ಊರಿಗೆಲ್ಲ ನಿಜ ಹೇಳಿ ತಮ್ಮ ಮಾನ ಕಾಪಾಡಿಕೊಳ್ಳುತ್ತಿದ್ದರು.

ಯುದ್ಧ ಮುಗಿದ ಮರುವರ್ಷದ ಮಾತು. ಊರಿನಲ್ಲಿ ಇದ್ದದ್ದು ಒಂದೇ ಹಿಟ್ಟಿನ ಗಿರಣಿ, ಅದು ಮಂಗಮ್ಮನದು. ಗಂಡ ಸತ್ತ ಮೇಲೆ ಬಾವಮೈದುನರ ಮನೆಯ ಮೂಲೆ ಸೇರದೆ, ತಮ್ಮ ಪಾಪಣ್ಣನನ್ನು ಜೊತೆಗಿಟ್ಟುಕೊಂಡು ಗಿರಣಿ ನಡೆಸುತ್ತಿದ್ದಳು. ಮಿಲಿಟರಿಯವರು ಬೇಡವಾದ ಸಾಮಾನು ಹರಾಜು ಹಾಕಿದಾಗ ಪಾಪಣ್ಣ ಬೆಂಗಳೂರಿನಿಂದ ತಂದಿದ್ದ ಸಣ್ಣದೊಂದು ಎಂಜಿನ್ನು ಅದನ್ನು ತಿರುಗಿಸುತ್ತಿತ್ತು. ಒಂದು ದಿನ ಅದು ಟಣ್ ಟಣ್ ಎಂದು ಬಡಿದುಕೊಂಡು ನಿಂತುಹೋಯಿತು. ಪಾಪಣ್ಣ ಬಿಚ್ಚಿ ನೋಡಿದರೆ ಒಳಗಿನ ಕ್ರ್ಯಾಂಕು ಸಡಿಲವಾಗಿತ್ತು.

ಕ್ರ್ಯಾಂಕು ಎಂದರೆ ಏನೋ ದೊಡ್ಡ ಗುಟ್ಟಲ್ಲ. ರೊಟ್ಟಿಯಗಲದ ಎರಡು ದಪ್ಪ ಉಕ್ಕಿನ ಬಿಲ್ಲೆಗಳು. ಒಂದೊಂದರ ಹೊರಮೈ ನಡುವಿನಿಂದ ಒಂದೊಂದು ದಂಡ ಹೊರಟಿರುತ್ತದೆ. ಒಳಮೈಯಲ್ಲಿ, ನಡುವಿಗಲ್ಲದೆ ಅಂಚಿನ ಕಡೆಗೆ ಒಂದು ತೂತು. ಎರಡು ತೂತುಗಳನ್ನೂ ಸೇರಿಸುವ ಹಾಗೆ ಬೆರಳುದ್ದದ ಒಂದು ಪಿನ್ನು ಬಿಗಿಯಾಗಿ ಕೂತಿರುತ್ತದೆ. ಪಿಸ್ಟನ್ನಿನ ತೋಳು ಆ ಪಿನ್ನನ್ನು ಹಿಡಿದು ತಳ್ಳಿದಾಗ ಬಿಲ್ಲೆಗಳು ತಿರುಗುತ್ತವೆ. ಈಗ ಆ ಪಿನ್ನೇ ತೂತಿನಲ್ಲಿ ಅಲುಗಾಡುತ್ತಿತ್ತು.

ಹೊಸ ಕ್ರ್ಯಾಂಕು ಸೀಮೆಯಿಂದ ಹಡಗಿನಲ್ಲಿ ಬರಬೇಕು, ಅದು ಬರುವ ಕಾಲಕ್ಕೆ ಯಾರು ಕಾದಿರುತ್ತಾರೆ? ಪಾಪಣ್ಣ ಗಡಿಯ ಜೂಜುವಾಡಿ ದಾಟಿ ಬೆಂಗಳೂರಿಗೆ ಹೋಗಿ, ಕಬ್ಬಿಣ ಕಡೆಯುವ ಒಬ್ಬ ಲೇತಿನವನಿಂದ ಹಳೆಯದಕ್ಕಿಂತ ಒಂದು ಕೂದಲೆಳೆ ಹೆಚ್ಚು ದಪ್ಪನಾದ ಹೊಸ ಪಿನ್ನು ಮಾಡಿಸಿ ತಂದ. "ಬಿಲ್ಲೆ ಕಾಯ್ಸಿ, ತಣ್ಣಗಿರೋ ಪಿನ್ನು ಇಳಿಸ್ಬೇಕಂತೆ ಆವುಲಣ್ಣ. ನೀರು ಮಾತ್ರ ಸೋಕಿಸ್ಬಾರ್ದಂತೆ, ಉಕ್ಕು ಸೀಳ್ತದಂತೆ. ತಾನಾಗೇ ಆರ್ಬೇಕು. ಎಷ್ಟು ಕಾಯಿಸ್ಬೇಕು ಅಂದ್ರೆ, ಮಾಡೋರಿಗೆ ಗೊತ್ತಾಯ್ತದೆ ಅಂದ."

ಆವುಲಪ್ಪ ನಕ್ಕ. ಇದು ಹಳಿ ಹಾಕುವ ಕೆಲಸವೇ, ಗಾತ್ರ ಮಾತ್ರ ಚಿಕ್ಕದು. ಅಷ್ಟರಲ್ಲಿ ಪಾಪಣ್ಣ ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. "ಆದ್ರೆ ಇದು ಸುಟ್ಟೋಗೈತೆ ಕಣಣ್ಣ. ತೂತಿನ ಸುತ್ತ ನೋಡು, ನೀಲಿ ಬಳೆ ಇದ್ದಂಗೈತೆ."

ನೋಡಲು ಆವುಲಪ್ಪನಿಗೆ ಎಲ್ಲಿಯ ಕಣ್ಣು? ಆದರೂ ನೋಡಿದಂತೆ ಮಾಡಿ ತಲೆಯಾಡಿಸಿದ. ನೀಲಿ ಎಂದ ತಕ್ಷಣ ಅವನೊಳಗಿನ ಕಮ್ಮಾರ ಎದ್ದು ಕೂತಿದ್ದ. ಉಳಿ, ಬಾಚಿ ಮಾಡುವವರಿಗೆ ಬಣ್ಣವೇ ಅಳತೆ. ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಕಾಯಿಸುತ್ತ ಹೋದರೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಬೆಲ್ಲದ ಕಂದು, ಆಮೇಲೆ ನೇರಳೆ, ಕೊನೆಗೆ ನವಿಲಿನ ಕತ್ತಿನ ನೀಲಿ. ಹುಲ್ಲಿನ ಬಣ್ಣದಲ್ಲಿ ನೀರಿಗದ್ದಿದ ಉಳಿ ಕಲ್ಲನ್ನೂ ಕಡಿಯುತ್ತದೆ. ನೀಲಿಗೆ ಹೋದ ಉಳಿ ಬಾಗುತ್ತದೆ, ಹದ ಹೋಯಿತು ಎನ್ನುತ್ತಾರೆ.

"ಹದ ಹೋಗೈತೆ ಪಾಪಣ್ಣ. ಅದುಕ್ಕೇ ಪಿನ್ನು ಸಡ್ಲ ಆಗಿರಾದು. ನೀರು ಸೋಕುಸ್ಬಾರ್ದು ಅಂದಿರಾದು ಜೋಡ್ಸಾವಾಗ. ಮೊದ್ಲು ಎರಡು ಬಿಲ್ಲೇನೂ ಕೆಂಡ ಮಾಡಿ ನೀರಿಗದ್ದಿ ಹದ ಕೊಟ್ಟು ಆಮೇಲೆ ಜೋಡುಸ್ತೀನಿ" ಎಂದು ಅಲ್ಲಿದ್ದ ಗಾಡಿಯವರೆಲ್ಲರ ಎದುರು ಹೇಳಿಬಿಟ್ಟ.

ಅವರೆಲ್ಲ ಹೋದ ಮೇಲೆ ಬೈರಮ್ಮ ಎರಡು ಬಿಲ್ಲೆಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಎಣ್ಣೆ ಒರೆಸಿ, ಅಕ್ಕಿ ಆರಿಸುವ ಹಾಗೆ ನೋಡಿದಳು. ನೀಲಿ ಎರಡರಲ್ಲೂ ಇತ್ತು. ಒಂದೇ ಅಗಲ, ಒಂದೇ ಬಣ್ಣ, ತೂತಿನ ಸುತ್ತ ಅಚ್ಚುಕಟ್ಟಾಗಿ. ಹಳೆಯ ಪಿನ್ನಿನ ಮೇಲೆ ತೋಳು ಉಜ್ಜುವ ಜಾಗದಲ್ಲಿ ಮಾತ್ರ ನೀಲಿಯ ಸುಳಿವೇ ಇರಲಿಲ್ಲ. ಎಣ್ಣೆ ಒಣಗಿ ಉಜ್ಜಿ ಸುಟ್ಟಿದ್ದರೆ ಮೊದಲು ಸುಡಬೇಕಾದದ್ದು ಅದು. ಸುಟ್ಟ ಗಾಯ ಎಲ್ಲಾದರೂ ಹೀಗೆ ಜೋಡಿ ಬಳೆಯ ಹಾಗೆ ಬೀಳುತ್ತದೆಯೇ?

"ಯೋವ್, ಇಲ್ ಕೇಳು. ಹಳಿ ಹಾಕಿದ್ ಮ್ಯಾಲೆ ಚಕ್ರದ ಮರದ ಸುತ್ತ ಕರೀಗೆ ಒಂದ್ ಗೆರೆ ಬೀಳ್ತದಲ್ಲ, ಅದ ನೋಡಿ ಯಾವನಾರ ಚಕ್ರ ಸುಟ್ಟೋಗೈತೆ ಅಂತಾನಾ? ಇದೂ ಅಂಗೇಯ. ಇದ ಮಾಡ್ದೋನು ಬಿಲ್ಲೆ ಕಾಯ್ಸಿ ಪಿನ್ನು ಇಳ್ಸವ್ನೆ. ಆ ಕಾವಿನ ಗುರುತು ಇದು."

"ನೀಲಿ ಅಂದ್ರೆ ಹದ ಹೋದಂಗೇಯ. ನಮ್ಮಪ್ಪ ಹೇಳ್ಕೊಟ್ಟಿರಾದು."

"ನಿಮ್ಮಪ್ಪ ಉಳಿಗೆ ಹೇಳ್ಕೊಟ್ಟ. ಇದು ಉಳಿಯಾ?"

ಆವುಲಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಕಣ್ ಹೋಗೈತೆ ಅಂತ ಕಸುಬೂ ಮರ್ತೋಗೈತೆ ಅಂದ್ಕಂಡ್ಯಾ?" ಎಂದ. ಬೈರಮ್ಮ ಗೂಡಿನಿಂದ ಅರ ತಂದು ಅವನ ಕೈಗೆ ಕೊಟ್ಟು, ಬಿಲ್ಲೆಯನ್ನು ಅವನ ಮುಂದೆ ಹಿಡಿದಳು. "ನಿನ್ ಕಸುಬೇ ಹೇಳ್ಲಿ. ಉಜ್ಜು."

ಅರದ ಸದ್ದಿನಲ್ಲಿ ಉಕ್ಕಿನ ಗಟ್ಟಿತನ ತಿಳಿಯುವುದು ಆವುಲಪ್ಪನಿಗೆ ಹಸುಗೂಸಿನ ಅಳು ತಾಯಿಗೆ ತಿಳಿದಷ್ಟು ಸಲೀಸು. ನೀಲಿಯ ಮೇಲೆ ಒಂದು ಸಲ ಎಳೆದ. ಅವಳು ಬಿಲ್ಲೆ ತಿರುಗಿಸಿ ಬಿಳಿಯ ಜಾಗ ಕೊಟ್ಟಳು, ಅಲ್ಲೂ ಎಳೆದ. ಮತ್ತೆ ನೀಲಿ, ಮತ್ತೆ ಬಿಳಿ. ಕಣ್ಣು ಮುಚ್ಚಿಕೊಂಡು ಕೇಳಿದ. ಎರಡು ಕಡೆಯೂ ಅರ ಒಂದೇ ಹಾಗೆ ಕಚ್ಚುತ್ತಿತ್ತು, ಒಂದೇ ದನಿ. ನೀಲಿ ಮೇಲಿನ ಮೈಯಲ್ಲಿ ಮಾತ್ರ ಇತ್ತು, ಒಳಗಿನ ಉಕ್ಕಿಗೆ ಏನೂ ಆಗಿರಲಿಲ್ಲ. ಕೆಂಡ ಮಾಡಿ ನೀರಿಗದ್ದಿದ್ದರೆ ಮಂಗಮ್ಮನ ಕ್ರ್ಯಾಂಕು ಅಲ್ಲೇ ಸೀಳಿ ಹೋಗುತ್ತಿತ್ತು.

ಆವುಲಪ್ಪ ಅರ ಕೆಳಗಿಟ್ಟ. "ನೀನ್ ಇಲ್ದಿದ್ರೆ ಕೊಂದಾಕ್ತಿದ್ದೆ ಕಣೆ ಅದ" ಎಂದ. ಬೈರಮ್ಮನಿಗೆ ಮಾತ್ರ ಇನ್ನೊಂದು ಖುಷಿ ಹತ್ತಿತ್ತು. ಎಷ್ಟು ಕಾಯಿಸಬೇಕೆಂದು ಲೇತಿನವನು ಹೇಳದಿದ್ದರೇನಂತೆ, ಮಾಡಿದವನೇ ಬರೆದಿಟ್ಟಿದ್ದಾನಲ್ಲ. ನೀಲಿ ಬಳೆಯ ಪಕ್ಕದಲ್ಲಿ ಇಟ್ಟಿಗೆ ಪುಡಿಯಿಂದ ಒಂದು ಜಾಗ ಫಳಫಳ ಉಜ್ಜಿದಳು. ಆ ಜಾಗವೂ ಹಳೆಯ ನೀಲಿಯ ಬಣ್ಣಕ್ಕೆ ತಿರುಗಿದಾಗ ಶಾಖ ಸರಿಯಾಯಿತು ಎಂದು ಲೆಕ್ಕ.

ಮಾರನೆಯ ದಿನ ಮೊದಲ ಬಿಲ್ಲೆಗೆ ಪಿನ್ನು ಇಳಿಸಿದರು. ಪಾಪಣ್ಣ ತಿದಿ ಒತ್ತಿದ, ಬೈರಮ್ಮ ಬಣ್ಣ ನೋಡಿ ಬೈದಳು, ಪಿನ್ನು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಇಳಿಯಿತು. ಆಮೇಲೆ ಪಿನ್ನಿಗೆ ಪಿಸ್ಟನ್ನಿನ ತೋಳು ಹಾಕಿ ನಿಲ್ಲಿಸಿದರು. ಎರಡನೆಯ ಬಿಲ್ಲೆಯೇ ಕಷ್ಟದ್ದು. ಅದನ್ನು ಕಾಯಿಸಿ, ನಿಂತ ಪಿನ್ನಿನ ಮೇಲೆ ಬೀಳಿಸಿ, ತಣ್ಣಗಾಗುವ ಮೊದಲೇ ಕೆಳಗಿನ ಬಿಲ್ಲೆಗೆ ಸರಿಯಾಗಿ ಕೂರಿಸಬೇಕು. ಅರ್ಧಕ್ಕೆ ಕಚ್ಚಿಕೊಂಡರೆ ಮುಗಿಯಿತು, ಇನ್ನೊಂದು ಪಿನ್ನಿಲ್ಲ.

ಅಷ್ಟರಲ್ಲಿ ಸುದ್ದಿ ಹಬ್ಬಿ ಅರ್ಧ ಊರು ಹುಣಸೆಮರದ ಕೆಳಗೆ ಸೇರಿತ್ತು. ಗಿರಣಿ ನಿಂತು ಮತ್ತೆ ಬೀಸುಕಲ್ಲು ಹಿಡಿದಿದ್ದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮಂಗಮ್ಮ ಸೆರಗಿನ ತುದಿ ತಿರುಚುತ್ತಿದ್ದಳು. ಊರಗೌಡ ರಾಮಕೃಷ್ಣಪ್ಪನೂ ಬಂದ. ಒಳ್ಳೆಯ ಮನುಷ್ಯನೇ, ಆದರೆ ತಾನು ಬಂದ ಮೇಲೆ ತಾನು ಹೇಳಿದಂತೆ ನಡೆಯಬೇಕು.

"ಬೈರಮ್ಮ, ಇವತ್ತೊಂದಿನ ಬಾಯಿ ಕಟ್ಕಳಮ್ಮ. ನಾಜೂಕಿನ ಕೆಲ್ಸ, ಅವ್ನ ಮನ್ಸು ಕೆಡುಸ್ಬೇಡ. ನೀರಿನ ಕೆಲ್ಸಾನೂ ಇಲ್ವಂತೆ. ಹೋಗಿ ಆ ಕಟ್ಟೆ ಮ್ಯಾಲೆ ಕೂತ್ಕ."

ಜನ ಹೌದು ಹೌದೆಂದಿತು. ಹೆಂಗಸರಲ್ಲಿ ಯಾರೋ ನಕ್ಕರು. ಬೈರಮ್ಮ ಗಂಡನ ಮುಖ ನೋಡಿದಳು. ಅವನು ಬೆಂಕಿಯ ಕಡೆಗೆ ತಿರುಗಿ ನಿಂತಿದ್ದ. ಗೌಡನಿಗೆ ಎದುರಾಡಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಆ ಪ್ರಶ್ನೆಗೆ ನಿಜವೊಂದೇ ಉತ್ತರ. ಪಿನ್ನು ತಣ್ಣಗಿಡಲೆಂದು ತಂದಿದ್ದ ನೀರಿನ ಬಿಂದಿಗೆ ಎತ್ತಿಕೊಂಡು ಅವಳು ಕಟ್ಟೆಯ ಮೇಲೆ ಹೋಗಿ ಕೂತಳು. ಅಲ್ಲಿಂದ ಬೆಂಕಿಯ ಹೊಗೆ ಕಾಣುತ್ತಿತ್ತು, ಬಿಲ್ಲೆ ಕಾಣುತ್ತಿರಲಿಲ್ಲ.

ತಿದಿ ಉಸಿರು ಬಿಡುತ್ತಿತ್ತು. ಆವುಲಪ್ಪ ಇಕ್ಕಳ ಹಿಡಿದು ನಿಂತೇ ಇದ್ದ. ಇದ್ದಲು ಚಿಟಪಟ ಎಂದಿತು. ಜನ, ಎಂಥ ಏಕಾಗ್ರತೆ ನೋಡಿ ಎಂದು ಪಿಸುಗುಟ್ಟಿದರು. ಅವನಿಗೆ ಕಾಣುತ್ತಿದ್ದುದು ಬೂದಿ ಮಾತ್ರ. ಈಗ ಎತ್ತಿದರೆ ಬೇಗವೋ, ಇನ್ನು ಬಿಟ್ಟರೆ ತಡವೋ, ಅಂದಾಜಿನ ಮೇಲೆ ಎತ್ತಿಬಿಡಬಹುದಿತ್ತು. ತಪ್ಪಾದರೆ ಲೇತಿನವನ ಮೇಲೆ ಹಾಕಬಹುದಿತ್ತು, ಹೆಸರು ಉಳಿಯುತ್ತಿತ್ತು. ಮಂಗಮ್ಮನ ಗಿರಣಿ ಉಳಿಯುತ್ತಿರಲಿಲ್ಲ.

ಆವುಲಪ್ಪ ಇಕ್ಕಳ ಕೆಳಗಿಳಿಸಿದ.

"ಗೌಡ್ರೆ, ನನ್ ಹೆಂಡ್ತೀನ ಇಲ್ಲಿಗ್ ಕಳ್ಸಿ. ಆಯಮ್ಮ ಬೈದೇ ಇದ್ರೆ ನಂಗೆ ಕಬ್ಬಿಣ ಕಾಣಾಕಿಲ್ಲ."

ಗೌಡನಿಗೆ ಅರ್ಥವಾಗಲಿಲ್ಲ. ಯಾರಿಗೂ ಆಗಲಿಲ್ಲ. ಆವುಲಪ್ಪ ದನಿ ಏರಿಸದೆ ಹೇಳಿದ. "ನಂಗೆ ಬಣ್ಣ ಕಾಣಾಕಿಲ್ಲ. ಯುದ್ಧ ಸುರು ಆದಾಗಿಂದ ಇಂಗೇ. ಇಷ್ಟ್ ವರ್ಸ ನಿಮ್ಮ್ ಚಕ್ರ ಎಲ್ಲ ನೋಡಿರಾದು ಅವಳ ಕಣ್ಣು. ಬೈದಿದ್ದು ನನ್ನ ಉಳ್ಸಾಕೆ."

ಅಷ್ಟರೊಳಗೆ ಬೈರಮ್ಮ ಬಿಂದಿಗೆ ಸಮೇತ ಓಡಿ ಬಂದಿದ್ದಳು. ಯಾರ ಮುಖವನ್ನೂ ನೋಡದೆ ಬೆಂಕಿಗೆ ಬಗ್ಗಿದಳು. ಉಜ್ಜಿದ ಜಾಗ ನೇರಳೆ ದಾಟುತ್ತಿತ್ತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಹೊಸ ನೀಲಿ ಹಳೆಯ ನೀಲಿಯನ್ನು ಸೇರಿತು. ಎರಡರ ನಡುವಿನ ಗೆರೆ ಅಳಿಸಿಹೋಯಿತು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ, ಮೆತ್ತಗೆ ಹೇಳಿದ್ದರೂ ಸಾಕಿತ್ತು. ಆದರೆ ಅವಳ ಬಾಯಿಗೆ ಬೇರೆ ದಾರಿ ಗೊತ್ತಿರಲಿಲ್ಲ.

"ಯೋವ್, ಊರಿಗೆಲ್ಲ ಪುರಾಣ ಹೇಳ್ಕಂಡ್ ನಿಂತವ್ನೆ. ಎತ್ತಯ್ಯ."

ಎತ್ತಿದ. ಬಿಲ್ಲೆ ಪಿನ್ನಿನ ಮೇಲೆ ಜಾರಿ ತಳ ಮುಟ್ಟಿತು. ಪಾಪಣ್ಣ ಎರಡೂ ಬಿಲ್ಲೆಗಳ ಅಂಚಿಗೆ ಉಕ್ಕಿನ ಪಟ್ಟಿ ಒತ್ತಿ ಸರಿಮಾಡಿದ. ಆ ಗಳಿಗೆಗೆ ಬೈರಮ್ಮನ ಕೈ ತಾನಾಗಿಯೇ ಬಿಂದಿಗೆ ಎತ್ತಿತ್ತು. ಹಳಿ ಬಿದ್ದರೆ ನೀರು, ಅಷ್ಟು ವರ್ಷದ ರೂಢಿ. ಮಂಗಮ್ಮ "ಬೈರಕ್ಕ" ಎಂದು ಕೂಗಿದಳು. ಬಿಂದಿಗೆಯ ಬಾಯಿಂದ ಆಗಲೇ ಚೆಲ್ಲತೊಡಗಿದ್ದ ನೀರನ್ನು ಬೈರಮ್ಮ ಮೈ ತಿರುಗಿಸಿ ತನ್ನ ಕಾಲ ಮೇಲೇ ಸುರಿದುಕೊಂಡಳು.

ಕ್ರ್ಯಾಂಕು ತಾನಾಗಿ ಆರಿದ ಮೇಲೆ ಅದರ ಎರಡು ದಂಡಗಳನ್ನೂ ಆಧಾರದ ಮೇಲಿಟ್ಟು ತಿರುಗಿಸಿದರು. ಚಕ್ರದ ಓರೆ ನೋಡುವಂತೆಯೇ ಬೈರಮ್ಮ ಪಕ್ಕದಲ್ಲಿ ಪೊರಕೆ ಕಡ್ಡಿ ಹಿಡಿದಳು. ಕಡ್ಡಿ ಒಂದು ಕಡೆ ಚಿಕ್ ಎಂದು ತಾಗಿದ ಸದ್ದಿಗೆ ಆವುಲಪ್ಪ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಮತ್ತೆ ತಿರುಗಿಸಿ, ಮತ್ತೆ ತಟ್ಟಿ, ಕೊನೆಗೆ ಕಡ್ಡಿ ಎಲ್ಲೂ ಸದ್ದು ಮಾಡಲಿಲ್ಲ. ವಾರದೊಳಗೆ ಗಿರಣಿ ತಿರುಗಿತು. ಎಂಜಿನ್ನಿಗೆ ಕುಂಕುಮ ಇಟ್ಟು ಆರತಿ ಎತ್ತಲು ಮಂಗಮ್ಮ ಊರಿನ ಮುತ್ತೈದೆಯರನ್ನೆಲ್ಲ ಬಿಟ್ಟು ಬೈರಮ್ಮನನ್ನೇ ಕರೆದಳು.

ಆದರೆ ಹುಣಸೆಮರದ ಕೆಳಗೆ ಗಾಡಿಗಳು ಬರಲಿಲ್ಲ. ಎಲ್ಲರೂ ಬೈರಮ್ಮನನ್ನು ಹೊಗಳಿದರು, ಚಕ್ರ ಮಾತ್ರ ಯಾರೂ ತರಲಿಲ್ಲ. ಬಣ್ಣ ಕಾಣದವನಿಗೆ ಚಕ್ರ ಕೊಡಲು ಮನಸ್ಸು ಒಪ್ಪಬೇಕಲ್ಲ. ಆವುಲಪ್ಪ ದಿನವೂ ಕುಲುಮೆ ಗುಡಿಸಿ, ಇಕ್ಕಳಕ್ಕೆ ಎಣ್ಣೆ ಸವರಿ ಕೂರುತ್ತಿದ್ದ. ಬೈರಮ್ಮ ಇಷ್ಟು ವರ್ಷ ಹೆದರಿದ್ದು ಇದಕ್ಕೇ.

ಮಾವಿನಕಾಯಿ ಸಾಗಿಸುವ ಕಾಲ ಬಂತು. ಒಂದು ಬೆಳಿಗ್ಗೆ ರಾಮಕೃಷ್ಣಪ್ಪ ತನ್ನ ಗಾಡಿಯ ಎರಡು ಚಕ್ರಗಳನ್ನೂ ಆಳುಗಳಿಂದ ಉರುಳಿಸಿಕೊಂಡು ಬಂದ. ಹಿಂದೆ ಹತ್ತಾರು ಜನ. ಬೆರಣಿಗೆ ಬೆಂಕಿ ಬಿತ್ತು. ಹಳಿ ಕಾಯತೊಡಗಿದಾಗ ಜನ ತಮ್ಮತಮ್ಮಲ್ಲೇ ಗುಸುಗುಸು ಶುರುಮಾಡಿದರು. ಗೌಡ ಕೈಯೆತ್ತಿ ಗದರಿದ.

"ಎಲ್ರೂ ಬಾಯ್ ಮುಚ್ಕಂಡ್ ನಿಂತ್ಕಳ್ರಲಾ. ಆಯಮ್ಮ ಬೈಯೋದು ಅವ್ನಿಗೆ ಕೇಳ್ಬೇಕು."

ಎಲ್ಲರ ಕಣ್ಣೂ ಬೈರಮ್ಮನ ಮೇಲೆ ಬಿತ್ತು. ಬಿಂದಿಗೆ ಹಿಡಿದ ಅವಳು ಮದುವೆಯಾಗಿ ಬಂದ ಹೊಸದರ ಬೈರಮ್ಮನಾಗಿಬಿಟ್ಟಳು. ಹಳಿ ಕೆಂಪಾಯಿತು, ಅವಳ ದನಿ ಹೊರಡಲೇ ಇಲ್ಲ. ಆವುಲಪ್ಪ ಬೂದಿಯನ್ನೇ ನೋಡುತ್ತ, ಇಕ್ಕಳ ಹಿಡಿದುಕೊಂಡೇ ಕೇಳಿದ.

"ಏನೇ, ಬಾಯ್ ಬಿದ್ದೋಯ್ತಾ ನಿಂಗೆ?"

ಸಾಕಾಯಿತು. ಬೈರಮ್ಮ ಕನ್ನಡದಲ್ಲಿ ಶುರುಮಾಡಿದಳು, ತೆಲುಗಿಗೆ ಏರಿದಳು, ರಸ್ತೆಯ ಲಾರಿಯವನು ವೇಗ ತಗ್ಗಿಸಿ ನೋಡುವ ಹಾಗೆ ತಮಿಳಿನಲ್ಲಿ ಮುಗಿಸಿದಳು. ಯಾರೂ ನಗಲಿಲ್ಲ. ಆವುಲಪ್ಪ ಹಳಿ ಎತ್ತಿದ, ಅದು ಚಕ್ರಕ್ಕೆ ಕೂತಿತು, ಅವಳು ನೀರು ಸುರಿದಳು.